ಪ್ರೈಮ್95: 4.1 ಕೋಟಿ ಅಂಕಿಗಳ ಅವಿಭಾಜ್ಯ ಸಂಖ್ಯೆಯನ್ನು ಹುಡುಕಲು ಮನೆಯ ಕಂಪ್ಯೂಟರ್ ಸಾಕೇ?

ಪ್ರೈಮ್95 ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಉಚಿತ ತಂತ್ರಾಂಶ. ಇದನ್ನು ಬರೆದವರು ಜಾರ್ಜ್ ವೋಲ್ಟ್‌ಮನ್. ಇದನ್ನು ಬಳಸುವ 'ಗ್ರೇಟ್ ಇಂಟರ್ನೆಟ್ ಮರ್ಸೆನ್ ಪ್ರೈಮ್ ಸರ್ಚ್' ಅಂದರೆ ಗಿಂಪ್ಸ್ ಯೋಜನೆ 1996ರಿಂದ ನಡೆಯುತ್ತಿದೆ. 2ರ ಘಾತದಿಂದ ಒಂದು ಕಳೆದಾಗ ಬರುವ ಅವಿಭಾಜ್ಯಕ್ಕೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು, ಅಂಥ ಹೊಸದೊಂದು ಸಿಕ್ಕರೆ 3,000 ಡಾಲರ್ ಬಹುಮಾನ ಉಂಟು. ಹಾಕಿಕೊಳ್ಳುವ ಮೊದಲು ಒಂದು ಲೆಕ್ಕ ನೋಡಿಬಿಡುವುದು ಒಳ್ಳೆಯದು. 2^ಪಿ − 1 (2ರ ಪಿ-ನೇ ಘಾತದಿಂದ ಒಂದು ಕಳೆದದ್ದು) ರೂಪದ ಸಂಖ್ಯೆಯಲ್ಲಿ 2ರ 77ನೇ ಘಾತದವರೆಗೆ ಯಾವ ಅಪವರ್ತನವೂ ಇಲ್ಲವೆಂದು ಗೊತ್ತಿದ್ದರೆ, ಅದು ಅವಿಭಾಜ್ಯವಾಗುವ ಸಂಭವ ಸುಮಾರು 1.78 × 77 ÷ ಪಿ. ಪಿ ಹದಿಮೂರೂವರೆ ಕೋಟಿಯ ಆಸುಪಾಸಿನಲ್ಲಿದ್ದಾಗ ಇದು ಹತ್ತು ಲಕ್ಷಕ್ಕೆ ಒಂದು. ಒಂದು ಪರೀಕ್ಷೆಗೆ ಸಾಧಾರಣ ಡೆಸ್ಕ್‌ಟಾಪ್ ನೂರೈವತ್ತು ರೂಪಾಯಿಯಷ್ಟು ವಿದ್ಯುತ್ ತಿನ್ನುತ್ತದೆ. ಹತ್ತು ಲಕ್ಷದಿಂದ ಗುಣಿಸಿದರೆ ಹದಿನೈದು ಕೋಟಿ ಖರ್ಚು, ಬರುವುದು ಎರಡೂವರೆ ಲಕ್ಷ. ಬಹುಮಾನದ ಆಸೆಗೆ ಇದನ್ನು ಹಾಕಿಕೊಳ್ಳುವವರು ಲಾಟರಿ ಟಿಕೆಟ್ ಕೊಳ್ಳುವುದೇ ವಾಸಿ.

ಆದರೂ ಈ ತಂತ್ರಾಂಶಕ್ಕೆ ನಮ್ಮ ಕಡೆಯಿಂದ ಒಳ್ಳೆಯ ಅಂಕವೇ. ತಾನು ಓಡುತ್ತಿರುವ ಯಂತ್ರವನ್ನೇ ಅದು ನಂಬುವುದಿಲ್ಲ. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಹಿಡಿಯುವ ವ್ಯವಸ್ಥೆ ಇದರಲ್ಲಿ ಇರುವಷ್ಟು ಅಚ್ಚುಕಟ್ಟಾಗಿ ಬೇರೆ ಕಡೆ ಸಿಗುವುದು ಅಪರೂಪ. ಅದು ಅರ್ಥವಾಗಬೇಕಾದರೆ ಇದು ಯಾವ ಸಂಖ್ಯೆಗಳ ಜೊತೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ದಾಖಲೆಯ ಸಂಖ್ಯೆ

2024ರ ಅಕ್ಟೋಬರ್‌ನಲ್ಲಿ ಸಿಕ್ಕ 2^13,62,79,841 − 1 ಎಂಬ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಕಂಡುಹಿಡಿದವರು ಲೂಕ್ ಡ್ಯುರಾಂಟ್. ಅಕ್ಟೋಬರ್ 11ರಂದು ಡಬ್ಲಿನ್‌ನಲ್ಲಿದ್ದ ಎನ್‌ವಿಡಿಯಾ ಎ100 ಗ್ರಾಫಿಕ್ಸ್ ಚಿಪ್ ಇದು ಅವಿಭಾಜ್ಯ ಇರಬಹುದು ಎಂದು ವರದಿ ಮಾಡಿತು. ಮರುದಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಎಚ್100 ಚಿಪ್ ಬೇರೆ ವಿಧಾನದಿಂದ ಅದನ್ನು ಖಚಿತಪಡಿಸಿತು. ಇದು ನಮಗೆ ಗೊತ್ತಿರುವ 52ನೆಯ ಮರ್ಸೆನ್ ಅವಿಭಾಜ್ಯ. 'ಗೊತ್ತಿರುವ' ಎಂಬ ಮಾತನ್ನು ಬಿಡುವ ಹಾಗಿಲ್ಲ. ಇದಕ್ಕಿಂತ ಚಿಕ್ಕ ಘಾತಾಂಕಗಳೆಲ್ಲ ಎರಡೆರಡು ಸಲ ಪರೀಕ್ಷೆಗೊಳಗಾಗುವವರೆಗೆ ನಡುವೆ ಒಂದು ತಪ್ಪಿಹೋಗಿರಬಹುದು.

ಇದರ ಕೆಲವು ಗುಣಗಳನ್ನು ಕಾಗದ ಪೆನ್ಸಿಲ್ಲಿನಲ್ಲೇ ಪರಿಶೀಲಿಸಬಹುದು. ದ್ವಿಮಾನ ಪದ್ಧತಿಯಲ್ಲಿ ಬರೆದರೆ 13,62,79,841 ಒಂದುಗಳು ಸಾಲಾಗಿ ನಿಲ್ಲುತ್ತವೆ, ನಡುವೆ ಒಂದೂ ಸೊನ್ನೆ ಇಲ್ಲ. ಘಾತಾಂಕವನ್ನು 4ರಿಂದ ಭಾಗಿಸಿದರೆ ಶೇಷ 1. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುವುದರಿಂದ ಇಲ್ಲಿ ಅದು 2, ಒಂದು ಕಳೆದರೆ 1. ಹಾಗೆಯೇ 2ರ ಘಾತಗಳು 125ರ ಶೇಷದಲ್ಲಿ ನೂರು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಆದ್ದರಿಂದ 2^41ನ್ನು ನೋಡಿದರೆ ಸಾಕು, ಶೇಷ 52. 8ರಿಂದಲೂ ಭಾಗವಾಗಬೇಕೆಂಬ ಷರತ್ತು ಸೇರಿಸಿದರೆ 552 ಬರುತ್ತದೆ, ಒಂದು ಕಳೆದರೆ ಸಂಖ್ಯೆಯ ಕೊನೆಯ ಮೂರು ಅಂಕಿ 551. ಮೊದಲ ಅಂಕಿಗಳಿಗೆ ಲಾಗರಿದಮ್ ಬೇಕು. ಘಾತಾಂಕವನ್ನು 2ರ ಲಾಗರಿದಮ್ ಆದ 0.301029995664ರಿಂದ ಗುಣಿಸಿದರೆ ಪೂರ್ಣಭಾಗ 4,10,24,319, ದಶಾಂಶಭಾಗ 0.9453. ಪೂರ್ಣಭಾಗಕ್ಕೆ ಒಂದು ಕೂಡಿಸಿದರೆ ಅಂಕಿಗಳ ಎಣಿಕೆ ಬರುತ್ತದೆ. ದಶಾಂಶಭಾಗದಿಂದ ಸಂಖ್ಯೆ 8816ರಿಂದ ಶುರುವಾಗುತ್ತದೆ ಎಂಬುದು ಸಿಗುತ್ತದೆ.

ಇನ್ನೊಂದು ಗುಣದ ಪ್ರಸ್ತಾಪ ಕಡಿಮೆ. ಈ ಸಂಖ್ಯೆಯಿಂದ ಒಂದು ಕಳೆದರೆ 2 × (2^13,62,79,840 − 1). ಅಲ್ಲಿನ ಘಾತಾಂಕ 32ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಾಗಿ ಆ ಸಂಖ್ಯೆ 2^32 − 1ರಿಂದಲೂ ಭಾಗವಾಗಲೇಬೇಕು. 2^32 − 1 ಎಂದರೆ 3 × 5 × 17 × 257 × 65,537, ಅಂದರೆ ಇದುವರೆಗೆ ಗೊತ್ತಿರುವ ಐದೂ ಫರ್ಮಾ ಅವಿಭಾಜ್ಯಗಳು (2ರ ಘಾತಕ್ಕೆ ಒಂದು ಕೂಡಿಸಿದಾಗ ಬರುವ ಅವಿಭಾಜ್ಯಗಳು). ಇತ್ತ ಒಂದು ಕೂಡಿಸಿದರೆ ಬರೀ 2ರ ಘಾತ, ಬೇರೆ ಅಪವರ್ತನವೇ ಇಲ್ಲ. ಮರ್ಸೆನ್ ಸಂಖ್ಯೆಗಳೇ ಬಹುತೇಕ ಸಲ ದಾಖಲೆ ಮುರಿಯುವುದಕ್ಕೆ ಇದೇ ಮುಖ್ಯ ಕಾರಣ. ಒಂದು ಸಂಖ್ಯೆ ಅವಿಭಾಜ್ಯವೆಂದು ಖಚಿತವಾಗಿ ಸಾಧಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಸಂಖ್ಯೆಯ ಅಪವರ್ತನಗಳು ಗೊತ್ತಿದ್ದರೆ ಕೆಲಸ ಸಲೀಸು. ಇಲ್ಲಿ ಮುಂದಿನದರ ಅಪವರ್ತನಗಳು ಹುಟ್ಟಿನಿಂದಲೇ ಗೊತ್ತು. ಸುಮ್ಮನೆ ಆರಿಸಿದ ನಾಲ್ಕು ಕೋಟಿ ಅಂಕಿಗಳ ಬೆಸ ಸಂಖ್ಯೆಗೆ ಈ ಅನುಕೂಲವಿಲ್ಲ.

ಪೂರ್ತಿ ಅಂಕಿಗಳನ್ನು ನೋಡಬೇಕೆನ್ನುವವರು ಗಿಂಪ್ಸ್ ತಾಣದಿಂದ ಇಳಿಸಿಕೊಳ್ಳಬಹುದು. ಸಾದಾ ಪಠ್ಯವಾಗಿ 41 ಎಂಬಿ, ಒತ್ತಿ ಕುಗ್ಗಿಸಿದರೂ 17 ಎಂಬಿಗಿಂತ ಕೆಳಗೆ ಇಳಿಯದು, ಏಕೆಂದರೆ ಜಿಪ್ ತಂತ್ರಾಂಶಕ್ಕೆ ಆ ಅಂಕಿಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಾವೇ ಬರೆಸಲು ಹೊರಟವರಿಗೆ ದೋಷ ಸಂದೇಶ ಕಾದಿದೆ. 3.11ರಿಂದ ಈಚಿನ ಆವೃತ್ತಿಗಳು 4,300 ಅಂಕಿಗಳಿಗಿಂತ ದೊಡ್ಡ ಪೂರ್ಣಾಂಕವನ್ನು ದಶಮಾನಕ್ಕೆ ಪರಿವರ್ತಿಸಲು ಒಪ್ಪುವುದಿಲ್ಲ. ಮಿತಿ ತೆಗೆದರೂ 3.11ರಲ್ಲಿ ಪರಿವರ್ತನೆ ವಿಪರೀತ ನಿಧಾನ. ಪಾರಿ-ಜಿಪಿ ಎಂಬ ಗಣಿತದ ತಂತ್ರಾಂಶ ಅಥವಾ ದೊಡ್ಡ ಸಂಖ್ಯೆಗಳಿಗಾಗಿಯೇ ಇರುವ ಜಿಎಂಪಿ ಕೋಡ್ ಗ್ರಂಥಾಲಯ ಬಳಸಿದರೆ ಬೇಗ ಮುಗಿಯುತ್ತದೆ.

ಗೂಢಲಿಪಿಗೆ ಇದು ಉಪಯೋಗವೇ ಎಂದು ಕೇಳುವವರುಂಟು. ಇಲ್ಲ. ಬ್ಯಾಂಕಿನ 2,048 ಬಿಟ್ ಆರ್‌ಎಸ್‌ಎ ಕೀಲಿಗೆ ತಲಾ 1,024 ಬಿಟ್‌ಗಳ ಎರಡು ಅವಿಭಾಜ್ಯಗಳು ಬೇಕು, ಅವು ಗುಟ್ಟಾಗಿರಬೇಕು. ಊರಿಗೆಲ್ಲ ಗೊತ್ತಿರುವ ಸಂಖ್ಯೆಯಲ್ಲಿ ಗುಟ್ಟೆಲ್ಲಿ? ಗುಟ್ಟು ಬೇಡದ ಕಡೆ ಚಿಕ್ಕ ಮರ್ಸೆನ್ ಅವಿಭಾಜ್ಯಗಳು ದುಡಿಯುತ್ತಿವೆ: 2^521 − 1 ಒಂದು ಪ್ರಮಾಣಿತ ದೀರ್ಘವೃತ್ತೀಯ ವಕ್ರದಲ್ಲಿ, 2^19,937 − 1 ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ಮರ್ಸೆನ್ ಟ್ವಿಸ್ಟರ್‌ನಲ್ಲಿ.

ಒಳಗೆ ನಡೆಯುವುದು ಏನು

ಸರ್ವರ್ ಒಂದು ಘಾತಾಂಕ ಕೊಟ್ಟಾಗ ಪ್ರೈಮ್95 ನೇರವಾಗಿ ದೊಡ್ಡ ಪರೀಕ್ಷೆಗೆ ಇಳಿಯುವುದಿಲ್ಲ. ಮೊದಲು ಚಿಕ್ಕ ಅಪವರ್ತನ ಸಿಗುತ್ತದೆಯೇ ನೋಡುತ್ತದೆ. 2^ಪಿ − 1ರ ಯಾವ ಅಪವರ್ತನವಾದರೂ 2 × ಕೆ × ಪಿ + 1 ರೂಪದಲ್ಲೇ ಇರಬೇಕು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 2^11 − 1 = 2,047 = 23 × 89 ತೆಗೆದುಕೊಳ್ಳಿ. 23 ಎಂದರೆ 2 × 1 × 11 + 1, 89 ಎಂದರೆ 2 × 4 × 11 + 1. ಈ ಎರಡು ಜರಡಿಗಳಿಂದ ಪರಿಶೀಲಿಸಬೇಕಾದ ಸಂಖ್ಯೆಗಳು ಬಹಳ ಕಡಿಮೆಯಾಗುತ್ತವೆ. ಈ ಕೆಲಸ ಪೂರ್ಣಾಂಕಗಳದ್ದು. ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರ್‌ಗಿಂತ ಎಷ್ಟೋ ಪಟ್ಟು ವೇಗವಾಗಿ ಮಾಡುತ್ತದೆ.

ಎರಡನೆಯದು ಪಿ ಮೈನಸ್ ಒನ್ ವಿಧಾನ. ಅಪವರ್ತನದಿಂದ ಒಂದು ಕಳೆದಾಗ ಸಿಗುವ ಸಂಖ್ಯೆ ಚಿಕ್ಕ ಚಿಕ್ಕ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ ಅದು ಸಿಕ್ಕಿಬೀಳುತ್ತದೆ. ಇದರ ಬಲಕ್ಕೆ ಒಳ್ಳೆಯ ನಿದರ್ಶನ 2^67 − 1. 1644ರಲ್ಲಿ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ಸೇರಿಸಿದ್ದರು. 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಇದು 19,37,07,721 × 7,61,83,82,57,287 ಎಂದು ತೋರಿಸಿದರು. ಇದಕ್ಕೆ ಅವರು ವರ್ಷಗಳ ಭಾನುವಾರಗಳನ್ನು ವ್ಯಯಿಸಿದರೆಂಬ ಮಾತಿದೆ. ಮೊದಲ ಅಪವರ್ತನದಿಂದ ಒಂದು ಕಳೆದು ಒಡೆದರೆ 8 × 27 × 5 × 67 × 2,677. ಇದರಲ್ಲಿ 67 ಘಾತಾಂಕವೇ ಆದ್ದರಿಂದ ಅದು ಲೆಕ್ಕದೊಳಗೆ ತಾನಾಗಿಯೇ ಸೇರುತ್ತದೆ. ಉಳಿದದ್ದಕ್ಕೆ ಮೊದಲ ಮಿತಿ (ಚಿಕ್ಕ ಅಪವರ್ತನಗಳಿಗೆ) 30, ಎರಡನೆಯ ಮಿತಿ (ಉಳಿಯುವ ಒಂದೇ ದೊಡ್ಡದಕ್ಕೆ) 2,700 ಇಟ್ಟರೆ ಸಾಕು, ಇಂದಿನ ಯಾವ ಯಂತ್ರವಾದರೂ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತದೆ.

ಇವೆರಡರಲ್ಲೂ ಏನೂ ಸಿಗದಿದ್ದರೆ ಮುಖ್ಯ ಪರೀಕ್ಷೆ. ಹಳೆಯದು ಲುಕಾಸ್-ಲೆಹ್ಮರ್: 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆದು, 2^ಪಿ − 1ರಿಂದ ಭಾಗಿಸಿ ಶೇಷ ಉಳಿಸಿಕೊಳ್ಳಬೇಕು. ಹೀಗೆ ಪಿ − 2 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 127ಕ್ಕೆ ಮಾಡಿ ನೋಡಿ: 4, 14, 67, 42, 111, 0. ಐದು ಹೆಜ್ಜೆ, ಸೊನ್ನೆ ಬಂತು. 2,047ಕ್ಕೆ ಒಂಬತ್ತು ಹೆಜ್ಜೆಗಳ ಕೊನೆಯಲ್ಲಿ 1,736 ಉಳಿಯುತ್ತದೆ. ದಾಖಲೆಯ ಸಂಖ್ಯೆಗೆ ಇದೇ ಕೆಲಸ 13,62,79,839 ಸಲ.

ಈಗ ಮೊದಲ ಪರೀಕ್ಷೆಗೆ ಬಳಸುವುದು ಇನ್ನೊಂದನ್ನು. 3ರಿಂದ ಶುರು ಮಾಡಿ ಪಿ ಸಲ ಬರೀ ವರ್ಗ ಮಾಡುತ್ತ ಶೇಷ ಹಿಡಿಯುವುದು. ಸಂಖ್ಯೆ ಅವಿಭಾಜ್ಯವಾಗಿದ್ದರೆ ಕೊನೆಗೆ 9 ಬರಲೇಬೇಕು. 31ಕ್ಕೆ 3, 9, 19, 20, 28, 9. 2,047ಕ್ಕೆ ಹನ್ನೊಂದು ವರ್ಗಗಳ ನಂತರ 929, ಹಾಗಾಗಿ ಅದು ಸಂಯುಕ್ತ, ಅಂದರೆ ಅವಿಭಾಜ್ಯ ಅಲ್ಲ. 3ರ ಬದಲು 2ನ್ನೇ ಏಕೆ ಬಳಸಬಾರದು ಎಂಬ ಪ್ರಶ್ನೆ ಸಹಜ. ಪಿ ಅವಿಭಾಜ್ಯವಾಗಿದ್ದರೆ 2^ಪಿ − 1 ಸಂಯುಕ್ತವಾಗಿದ್ದರೂ 2ರ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. 2,047 ಕೂಡ ಹಾಗೆ ಮೋಸ ಮಾಡುವ ಸಂಖ್ಯೆಯೇ. ಇಂಥ ಸಂಖ್ಯೆಗಳಿಗೆ 2 ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ.

3ರ ಪರೀಕ್ಷೆಯಲ್ಲಿ ಫೇಲಾದದ್ದು ಖಂಡಿತ ಸಂಯುಕ್ತ. ಪಾಸಾದದ್ದು ಅವಿಭಾಜ್ಯ 'ಇರಬಹುದು', ಅಷ್ಟೇ. ಹಾಗಾಗಿಯೇ ಡಬ್ಲಿನ್‌ನ ವರದಿಯ ಮೇಲೆ ಲುಕಾಸ್-ಲೆಹ್ಮರ್ ನಡೆಸಿದ್ದು. ಹಾಗಾದರೆ ಮೊದಲೇ ಲುಕಾಸ್-ಲೆಹ್ಮರ್ ಮಾಡಬಾರದೇ? ಮೊದಲು ಹಾಗೆಯೇ ಮಾಡುತ್ತಿದ್ದರು. ತೊಂದರೆ ಯಂತ್ರದ್ದು. ಹದಿಮೂರು ಕೋಟಿ ಹೆಜ್ಜೆಗಳಲ್ಲಿ ಯಾವುದೋ ಒಂದು ಕಡೆ ರ‍್ಯಾಮ್‌ನಲ್ಲಿ ಒಂದು ಬಿಟ್ ಉಲ್ಟಾ ಆದರೆ ಮುಂದಿನ ಎಲ್ಲ ಹೆಜ್ಜೆಯೂ ಕಸ. ನಿಜವಾದ ಅವಿಭಾಜ್ಯವೊಂದು ಸಂಯುಕ್ತ ಎಂದು ದಾಖಲಾಗಿ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಪ್ರತಿ ಸಂಖ್ಯೆಯನ್ನೂ ಇನ್ನೊಬ್ಬರ ಯಂತ್ರದಲ್ಲಿ ಮೊದಲಿನಿಂದ ಮತ್ತೆ ಮಾಡಿಸಿ ಕೊನೆಯ ಶೇಷದ 64 ಬಿಟ್‌ಗಳನ್ನು ತಾಳೆ ನೋಡಬೇಕಿತ್ತು. ಎಲ್ಲ ಕೆಲಸವೂ ಎರಡು ಪಟ್ಟು.

2017ರಲ್ಲಿ ರಾಬರ್ಟ್ ಗೆರ್ಬಿಕ್ಸ್ ಸೂಚಿಸಿದ ತಪಾಸಣೆ ಇದನ್ನು ಬದಲಿಸಿತು. ಬರೀ ವರ್ಗ ಮಾಡುವ ಸರಣಿಯಲ್ಲಿ ಇಂತಿಷ್ಟು ಹೆಜ್ಜೆಗೊಮ್ಮೆ ಬರುವ ಶೇಷಗಳನ್ನು ಒಂದಕ್ಕೊಂದು ಗುಣಿಸಿಟ್ಟುಕೊಂಡರೆ, ಹಳೆಯ ಗುಣಲಬ್ಧವನ್ನು ಅಷ್ಟೇ ಹೆಜ್ಜೆ ಮುಂದೆ ಓಡಿಸಿ ಮೊದಲ ಶೇಷದಿಂದ ಗುಣಿಸಿದಾಗ ಹೊಸ ಗುಣಲಬ್ಧ ಸಿಗಲೇಬೇಕು. ಸಿಗದಿದ್ದರೆ ನಡುವೆ ಎಲ್ಲೋ ತಪ್ಪಾಗಿದೆ. ತಂತ್ರಾಂಶ ಕೊನೆಯ ಸರಿಯಾದ ಜಾಗಕ್ಕೆ ಹಿಂದಿರುಗಿ ಅಲ್ಲಿಂದ ಮತ್ತೆ ಶುರು ಮಾಡುತ್ತದೆ. ಇದಕ್ಕೆ ತಗಲುವ ಹೆಚ್ಚುವರಿ ಸಮಯ ನಗಣ್ಯ. ಲುಕಾಸ್-ಲೆಹ್ಮರ್‌ನಲ್ಲಿ ಪ್ರತಿ ಹೆಜ್ಜೆಗೂ 2 ಕಳೆಯುವುದರಿಂದ ಈ ಉಪಾಯ ಅಲ್ಲಿ ನಡೆಯದು.

2020ರಲ್ಲಿ ಬಂದ 30ನೆಯ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪರೀಕ್ಷೆಯ ಜೊತೆಗೇ ಒಂದು ಪುರಾವೆ ಕಡತ ತಯಾರಾಗುತ್ತದೆ. ಪುರಾವೆಯ ಮಟ್ಟ 8 ಎಂದಿದ್ದರೆ ಪರಿಶೀಲಿಸುವವರು ಮೂಲ ಕೆಲಸದ 256ರಲ್ಲಿ ಒಂದು ಭಾಗವಷ್ಟೇ ಮಾಡಿದರೆ ಸಾಕು. ಎರಡು ಪಟ್ಟಿನ ಕೆಲಸ ಹೋಗಿ ಶೇಕಡಾ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಬೆಲೆ ತೆರಬೇಕಾದದ್ದು ಡಿಸ್ಕ್ ಜಾಗದಲ್ಲಿ. ದಾಖಲೆಯ ಸಂಖ್ಯೆಯ ಗಾತ್ರದ ಒಂದು ಶೇಷ 17 ಎಂಬಿ, 256 ಶೇಷಗಳನ್ನು ಇಟ್ಟುಕೊಳ್ಳಬೇಕು, ಅಂದರೆ 4.4 ಜಿಬಿಯಷ್ಟು ತಾತ್ಕಾಲಿಕ ಜಾಗ. ಕೊನೆಗೆ ಅಪ್‌ಲೋಡ್ ಆಗುವ ಕಡತ ಸುಮಾರು 150 ಎಂಬಿ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಸುವವರು ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಸಮಯ ಮತ್ತು ವೇಗದ ಮಿತಿ ಹಾಕಿಕೊಳ್ಳಬೇಕು. ಜಾಗ ಕಡಿಮೆ ಕೊಟ್ಟರೆ ತಂತ್ರಾಂಶ ಕಡಿಮೆ ಮಟ್ಟದ ಪುರಾವೆ ಮಾಡುತ್ತದೆ, ಪರಿಶೀಲಿಸುವವರಿಗೆ ಹೊರೆ ಹೆಚ್ಚುತ್ತದೆ. ಐದಾರು ಜಿಬಿ ಕೊಡುವುದು ಮರ್ಯಾದೆ.

ಹಾಕಿಕೊಳ್ಳುವುದು, ನಡೆಸುವುದು

ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಎಂಬುದೇ ಇಲ್ಲ. ಜಿಪ್ ಇಳಿಸಿ, ಒಂದು ಫೋಲ್ಡರ್‌ನಲ್ಲಿ ಬಿಚ್ಚಿ, ಓಡಿಸಿ. ಲಿನಕ್ಸ್‌ಗೆ ಎಂಪ್ರೈಮ್ ಎಂಬ ಹೆಸರಿನಲ್ಲಿ ಬರುತ್ತದೆ, ಅದಕ್ಕೆ ಕಿಟಕಿ ಇಲ್ಲ, ಟರ್ಮಿನಲ್‌ನಲ್ಲೇ ಮೆನು. ಮೊದಲ ಪ್ರಶ್ನೆ ಗಿಂಪ್ಸ್ ಸೇರುತ್ತೀರಾ, ಬರೀ ಯಂತ್ರದ ಒತ್ತಡ ಪರೀಕ್ಷೆ ಮಾಡುತ್ತೀರಾ ಎಂದು. ಸೇರಿದರೂ ಮೊದಲ ದಿನ ಒತ್ತಡ ಪರೀಕ್ಷೆಯನ್ನೇ ನಡೆಸಿ. 'ಸ್ಮಾಲ್ ಎಫ್‌ಎಫ್‌ಟಿ' (ಎಫ್‌ಎಫ್‌ಟಿ ಎಂದರೆ ದೊಡ್ಡ ಸಂಖ್ಯೆಗಳನ್ನು ಬೇಗ ಗುಣಿಸುವ ವಿಧಾನ) ಪ್ರೊಸೆಸರನ್ನು ಕಾಯಿಸುತ್ತದೆ, 'ಲಾರ್ಜ್ ಎಫ್‌ಎಫ್‌ಟಿ' ಮತ್ತು 'ಬ್ಲೆಂಡ್' ರ‍್ಯಾಮನ್ನೂ ಪರೀಕ್ಷಿಸುತ್ತವೆ. 'ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4' ಎಂಬ ಸಂದೇಶ ಬಂದರೆ ತಂತ್ರಾಂಶವನ್ನು ಬೈದು ಪ್ರಯೋಜನವಿಲ್ಲ. ಲೆಕ್ಕದ ಉತ್ತರಗಳೆಲ್ಲ ಪೂರ್ಣಾಂಕಕ್ಕೆ ತೀರ ಹತ್ತಿರ ಬರಬೇಕು. ನಡುವೆ 0.5ರ ವ್ಯತ್ಯಾಸ ಬಂದರೆ ಯಂತ್ರಾಂಶ ಕೈಕೊಟ್ಟಿದೆ ಎಂದರ್ಥ. ಸ್ಮಾಲ್‌ನಲ್ಲೇ ಬಂದರೆ ಬಿಸಿ ಅಥವಾ ಪ್ರೊಸೆಸರ್ ವೋಲ್ಟೇಜ್ ಅನ್ನು ಅನುಮಾನಿಸಿ. ಬ್ಲೆಂಡ್‌ನಲ್ಲಿ ಮಾತ್ರ ಬಂದರೆ ರ‍್ಯಾಮ್‌ನ ಎಕ್ಸ್‌ಎಂಪಿ (ತಯಾರಕರು ಕೊಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ವೇಗ ಇಳಿಸಿ, ಒಂದೊಂದೇ ಕಡ್ಡಿ ಹಾಕಿ ನೋಡಿ.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಇಂಟೆಲ್ ಸ್ಕೈಲೇಕ್ ಪ್ರಸಂಗ ಸಾಕು. ಕೆಲವು ಗಾತ್ರದ ಲೆಕ್ಕಗಳಲ್ಲಿ, ಮುಖ್ಯವಾಗಿ 1,49,42,209 ಎಂಬ ಘಾತಾಂಕದಲ್ಲಿ, ಆ ಪ್ರೊಸೆಸರ್‌ಗಳು ನಿಂತಲ್ಲೇ ನಿಲ್ಲುತ್ತಿದ್ದವು. 2016ರ ಜನವರಿಯಲ್ಲಿ ಇಂಟೆಲ್ ದೋಷವನ್ನು ಒಪ್ಪಿಕೊಂಡು ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಮೂಲಕ ತಿದ್ದುಪಡಿ ಕೊಟ್ಟಿತು. ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಗಳವರು ಅವಿಭಾಜ್ಯದ ಗೊಡವೆಯೇ ಇಲ್ಲದೆ ಇದನ್ನು ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ವೇಗದ ವಿಷಯಕ್ಕೆ ಬಂದರೆ ಹೊಸಬರು ಎಡವುವುದು ಇಲ್ಲೇ. ಕೋರ್ ಹೆಚ್ಚಿದ್ದರೆ ವೇಗ ಹೆಚ್ಚು ಎಂದುಕೊಂಡು ಕೋರಿಗೊಂದು ವರ್ಕರ್ (ಒಂದು ಪರೀಕ್ಷೆಯನ್ನು ನಡೆಸುವ ಘಟಕ) ತೆರೆಯುತ್ತಾರೆ. ಹದಿಮೂರೂವರೆ ಕೋಟಿ ಬಿಟ್‌ಗಳ ಸಂಖ್ಯೆಯನ್ನು ತಂತ್ರಾಂಶ ಹದಿನೆಂಟು-ಹತ್ತೊಂಬತ್ತು ಬಿಟ್‌ಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೆ 8 ಬೈಟ್ ಕೊಟ್ಟು, ಫೂರಿಯರ್ ಪರಿವರ್ತನೆಯಿಂದ ವರ್ಗ ಮಾಡುತ್ತದೆ. ಒಟ್ಟು ಸುಮಾರು 60 ಎಂಬಿ. ಪ್ರೊಸೆಸರಿನ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) 16ರಿಂದ 36 ಎಂಬಿ ಇದ್ದರೆ ಇದು ಅದರೊಳಗೆ ಹಿಡಿಯದು. ಒಂದೊಂದು ವರ್ಗಕ್ಕೂ ಇಷ್ಟನ್ನೂ ರ‍್ಯಾಮ್‌ನಿಂದ ಎರಡು ಸಲ ಓದಿ ಎರಡು ಸಲ ಬರೆಯಬೇಕು, ಅಂದರೆ 240 ಎಂಬಿ ಸಾಗಾಟ. ಎರಡು ಕಡ್ಡಿಯ ಡಿಡಿಆರ್4-3200 ರ‍್ಯಾಮ್ ಸೆಕೆಂಡಿಗೆ ಹೆಚ್ಚೆಂದರೆ 51 ಜಿಬಿ ಸಾಗಿಸುತ್ತದೆ. ಆ ಲೆಕ್ಕಕ್ಕೆ ಒಂದು ಹೆಜ್ಜೆಗೆ ಸುಮಾರು 5 ಮಿಲಿಸೆಕೆಂಡ್. ಒಂದೇ ಕಡ್ಡಿ ಇದ್ದರೆ 10. ಕೋರ್ ಆರಿರಲಿ ಹದಿನಾರಿರಲಿ, ಕಟ್ಟಿಹಾಕುವುದು ರ‍್ಯಾಮ್.

ಹಾಗಾಗಿ ಸಾಧಾರಣ ಡೆಸ್ಕ್‌ಟಾಪ್‌ಗೆ ಒಂದೇ ವರ್ಕರ್ ಇಟ್ಟು ಎಲ್ಲ ಕೋರ್‌ಗಳನ್ನೂ ಅದಕ್ಕೇ ಕೊಡಿ. 96 ಎಂಬಿ ಕ್ಯಾಶ್ ಇರುವ ಎಎಂಡಿ ಎಕ್ಸ್3ಡಿ ಪ್ರೊಸೆಸರ್‌ಗಳಲ್ಲಿ ಇಡೀ ಲೆಕ್ಕ ಒಳಗೇ ಕೂರುವುದರಿಂದ ಅವು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಕಿಟಕಿಯಲ್ಲಿ ಕಾಣುವ 'ಮಿಲಿಸೆಕೆಂಡ್ ಪರ್ ಇಟರೇಶನ್' ಅಂಕಿಯನ್ನು ಘಾತಾಂಕದಿಂದ ಗುಣಿಸಿದರೆ ಒಟ್ಟು ಸಮಯ ಸಿಗುತ್ತದೆ. 5 ಆದರೆ ಎಂಟು ದಿನ, 10 ಆದರೆ ಹದಿನಾರು. ಒಂದು ಕಡ್ಡಿ ರ‍್ಯಾಮ್ ಸೇರಿಸುವುದೇ ಇಲ್ಲಿ ಅಗ್ಗದ ಸುಧಾರಣೆ.

ಪಿ ಮೈನಸ್ ಒನ್ ಕೆಲಸದ ಎರಡನೆಯ ಹಂತಕ್ಕೆ ರ‍್ಯಾಮ್‌ನ ವೇಗಕ್ಕಿಂತ ಗಾತ್ರ ಮುಖ್ಯ. ಅಲ್ಲಿ ಒಂದೊಂದು ತಾತ್ಕಾಲಿಕ ಮೌಲ್ಯವೂ ಅದೇ 60 ಎಂಬಿ. ಒಂದು ಜಿಬಿ ಕೊಟ್ಟರೆ ಹದಿನಾರು ಮೌಲ್ಯಗಳಿಗೆ ಜಾಗ, ಎಂಟು ಜಿಬಿ ಕೊಟ್ಟರೆ ನೂರಮೂವತ್ತಕ್ಕೂ ಹೆಚ್ಚು. 16 ಜಿಬಿ ಯಂತ್ರದಲ್ಲಿ ಹಗಲಿಗೆ ನಾಲ್ಕು, ರಾತ್ರಿಗೆ ಹತ್ತು ಎಂದು ಬೇರೆ ಬೇರೆ ಮಿತಿ ಹಾಕಬಹುದು. ತೀರ ಹೆಚ್ಚು ಕೊಟ್ಟರೆ ವಿಂಡೋಸ್ ಡಿಸ್ಕ್ ಮೇಲೆ ಸ್ವಾಪ್ ಶುರು ಮಾಡಿ ಎಲ್ಲವೂ ತೆವಳುತ್ತದೆ.

ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಪ್ರೈಮ್95 ನೇರವಾಗಿ ಉಪಯೋಗಕ್ಕಿಲ್ಲ, ಅದು ಪ್ರೊಸೆಸರ್‌ಗೆ ಮಾತ್ರ. ದಾಖಲೆ ಸಂಖ್ಯೆ ಸಿಕ್ಕಿದ್ದು ಮಿಹಾಯ್ ಪ್ರೆಡಾ ಬರೆದ ಜಿಪಿಯು-ಔಲ್‌ನಿಂದ. ಆದರೆ ಆಟದ ಕಾರ್ಡ್‌ಗಳನ್ನು ನಂಬಿ ಅದನ್ನು ಹಾಕಿಕೊಂಡರೆ ನಿರಾಸೆ. ಆರ್‌ಟಿಎಕ್ಸ್ 30, 40 ಸರಣಿಗಳಲ್ಲಿ ಈ ಪರೀಕ್ಷೆಗೆ ಬೇಕಾದ 64 ಬಿಟ್ ದಶಾಂಶ ಲೆಕ್ಕದ ವೇಗ 32 ಬಿಟ್‌ನದರ 64ರಲ್ಲಿ ಒಂದು ಭಾಗ. ಎ100ನಂಥ ದತ್ತಕೇಂದ್ರದ ಚಿಪ್‌ನಲ್ಲಿ ಅದು ಅರ್ಧ. ಡ್ಯುರಾಂಟ್ 17 ದೇಶಗಳ ಕ್ಲೌಡ್ ಯಂತ್ರಗಳನ್ನು ಬಾಡಿಗೆಗೆ ಹಿಡಿದದ್ದು ಇದಕ್ಕೇ. ಮನೆಯ ಆರ್‌ಟಿಎಕ್ಸ್ ಕಾರ್ಡನ್ನು ಎಂಫ್ಯಾಕ್ಟ್‌ಸಿ ಎಂಬ ತಂತ್ರಾಂಶದಿಂದ ಚಿಕ್ಕ ಅಪವರ್ತನ ಹುಡುಕಲು ಬಿಡಿ, ಅಲ್ಲಿ ಅದು ಹುಲಿ.

ವಿದ್ಯುತ್, ಬಿಸಿ, ಇತರ ಕಿರಿಕಿರಿ

ಪೂರ್ತಿ ಹೊರೆಯಲ್ಲಿ 120 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ದಿನಕ್ಕೆ 2.9 ಯೂನಿಟ್, ತಿಂಗಳಿಗೆ 86 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಎಂಟು ದಿನದ ಒಂದು ಪರೀಕ್ಷೆಗೆ 140 ರೂಪಾಯಿ. ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುತ್ತಿರುವ ಮನೆಗಳು ಇಲ್ಲಿ ಹುಷಾರಾಗಿರಬೇಕು. 86 ಯೂನಿಟ್ ಸೇರಿ ತಿಂಗಳ ಬಳಕೆ 200 ದಾಟಿದರೆ ಹೆಚ್ಚಾದದ್ದಕ್ಕಷ್ಟೇ ಅಲ್ಲ, ಇಡೀ ಬಿಲ್ ಕೈಯಿಂದ ಕಟ್ಟಬೇಕಾಗುತ್ತದೆ. ಆಗ ಒಂದು ಪರೀಕ್ಷೆಯ ನಿಜವಾದ ಬೆಲೆ ಮೇಲೆ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು.

ಕರೆಂಟ್ ಹೋದರೆ ಕೆಲಸ ಹಾಳಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಸ್ಥಿತಿ ಡಿಸ್ಕ್‌ಗೆ ಬರೆಯಲ್ಪಡುತ್ತದೆ, ಹಿಂದಿನ ಪ್ರತಿಗಳೂ ಉಳಿದಿರುತ್ತವೆ. ಹೆಚ್ಚೆಂದರೆ ಮೂವತ್ತು ನಿಮಿಷ ನಷ್ಟ. ಮನೆಯ ಇನ್ವರ್ಟರ್ ಮೇಲೆ ಮಾತ್ರ ಓಡಿಸಬೇಡಿ, ದೀಪ ಫ್ಯಾನಿಗೆ ಇಟ್ಟ ಬ್ಯಾಟರಿಯನ್ನು ಇದು ಬೇಗ ಬರಿದು ಮಾಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಡೆಸುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ತೆಳ್ಳನೆಯ ದೇಹದಲ್ಲಿ ಬಿಸಿ ಹೊರಹೋಗದೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಫ್ಯಾನ್ ಸವೆಯುತ್ತದೆ. ಮಾಡಲೇಬೇಕೆಂದರೆ ಬ್ಯಾಟರಿಯ ಮೇಲೆ ಓಡುವ ಆಯ್ಕೆಯನ್ನು ತೆಗೆದುಹಾಕಿ. ಡೆಸ್ಕ್‌ಟಾಪ್ ಕೂಡ ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಬೆಂಗಳೂರಿನಲ್ಲಿದ್ದ ಹಾಗೆ ಇರುವುದಿಲ್ಲ. ಕೋಣೆಯೇ 38 ಡಿಗ್ರಿ ಇದ್ದರೆ ಪ್ರೊಸೆಸರ್ ಅದರ ಮೇಲೆ ಏರುತ್ತದೆ. ಬಯಾಸ್‌ನಲ್ಲಿ ವಿದ್ಯುತ್ ಮಿತಿಯನ್ನು 65 ವ್ಯಾಟ್‌ಗೆ ಇಳಿಸಿದರೆ ಬಿಸಿ ಬಹಳ ತಗ್ಗುತ್ತದೆ. ಕಟ್ಟಿಹಾಕುವುದು ರ‍್ಯಾಮ್ ಆದ್ದರಿಂದ ವೇಗ ಅಷ್ಟಾಗಿ ಇಳಿಯದು.

ಸೇವೆಯ ದೋಷಗಳನ್ನೂ ಹೇಳಬೇಕು. ಕಿಟಕಿಗಳ ವಿನ್ಯಾಸ ತೊಂಬತ್ತರ ದಶಕದ್ದು, ಸಹಾಯವೆಲ್ಲ ಇಂಗ್ಲಿಷ್ ಪಠ್ಯ ಕಡತಗಳಲ್ಲಿ ಹುದುಗಿದೆ. ಸರ್ವರ್ ಕಡೆಯ ತಪ್ಪಿಗೂ ಉದಾಹರಣೆ ಇದೆ. 2^7,42,07,281 − 1 ಅವಿಭಾಜ್ಯವೆಂದು ಸೆಂಟ್ರಲ್ ಮಿಸ್ಸೂರಿ ವಿಶ್ವವಿದ್ಯಾಲಯದ ಕಂಪ್ಯೂಟರ್ 2015ರ ಸೆಪ್ಟೆಂಬರ್ 17ರಂದೇ ವರದಿ ಮಾಡಿತ್ತು. ಸೂಚನೆಯ ಇಮೇಲ್ ಹೋಗಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ಗೊತ್ತಾದದ್ದು 2016ರ ಜನವರಿ 7ರಂದು, ಅಧಿಕೃತ ದಿನಾಂಕವೂ ಅದೇ ಆಯಿತು.

ಕೆಲಸ ಆರಿಸುವಾಗ ಹತ್ತು ಕೋಟಿ ಅಂಕಿಗಳ ಸಂಖ್ಯೆಗಳ ಆಯ್ಕೆಯೂ ಕಾಣುತ್ತದೆ. ಅಷ್ಟು ದೊಡ್ಡದನ್ನು ಮೊದಲು ಕಂಡುಹಿಡಿದವರಿಗೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 1,50,000 ಡಾಲರ್ ಇಟ್ಟಿದೆ. ಗಿಂಪ್ಸ್ ನಿಯಮದಂತೆ ಅದರಲ್ಲಿ ಕಂಡುಹಿಡಿದವರ ಪಾಲು 50,000. ಇದಕ್ಕೆ ಘಾತಾಂಕ 33.2 ಕೋಟಿ ದಾಟಬೇಕು. ಹೆಜ್ಜೆಗಳು ಎರಡೂವರೆ ಪಟ್ಟು, ಒಂದೊಂದು ಹೆಜ್ಜೆಯೂ ಎರಡೂವರೆ ಪಟ್ಟು ಭಾರ, ಒಟ್ಟು ಆರು ಪಟ್ಟು. ಎಂಟು ದಿನದ ಯಂತ್ರಕ್ಕೆ ಏಳು ವಾರ, ಸಂಭವ ಇನ್ನೂ ಕಡಿಮೆ. ಹಳೆಯ ಯಂತ್ರ, ಒಂದೇ ಕಡ್ಡಿ ರ‍್ಯಾಮ್ ಇದ್ದವರು ಪುರಾವೆಗಳ ಪರಿಶೀಲನೆ, ಹಳೆಯ ಫಲಿತಾಂಶಗಳ ಮರುಪರೀಕ್ಷೆ ಆರಿಸಿಕೊಳ್ಳುವುದು ಲೇಸು. ರ‍್ಯಾಮ್ ಧಾರಾಳವಾಗಿದ್ದರೆ ಪಿ ಮೈನಸ್ ಒನ್, ಅಲ್ಲಿ ಆಗಾಗ ಅಪವರ್ತನವಾದರೂ ಕೈಗೆ ಸಿಗುತ್ತದೆ. ಹೊಸ ಡೆಸ್ಕ್‌ಟಾಪ್ ಇದ್ದವರು ಮೊದಲ ಸಲದ ಪರೀಕ್ಷೆ.

ಬಿಡಬೇಕೆನಿಸಿದಾಗ ಫೋಲ್ಡರ್ ಅಳಿಸಿ ಎದ್ದು ಹೋಗಬೇಡಿ. ಹಾಗೆ ಮಾಡಿದರೆ ನಿಮ್ಮ ಹೆಸರಿನಲ್ಲಿರುವ ಘಾತಾಂಕ ಅವಧಿ ಮುಗಿಯುವವರೆಗೆ ಬೇರೆಯವರಿಗೆ ಸಿಗುವುದಿಲ್ಲ. ಮೆನುವಿನಲ್ಲಿ 'ಕ್ವಿಟ್ ಗಿಂಪ್ಸ್' ಇದೆ. ಕೈಯಲ್ಲಿರುವ ಕೆಲಸ ಮುಗಿಸಿ ಬಿಡುತ್ತೀರಾ, ಈಗಲೇ ಬಿಡುತ್ತೀರಾ ಎಂದು ಅದು ಕೇಳುತ್ತದೆ. ಈಗಲೇ ಎಂದರೆ ಘಾತಾಂಕವನ್ನು ಸರ್ವರ್‌ಗೆ ಹಿಂದಿರುಗಿಸುತ್ತದೆ, ಫೋಲ್ಡರ್ ಅಳಿಸುವುದು ಆಮೇಲೆ.